ಒಂದು ಗಾಡಿ, ನಾಲ್ಕು ವಯಸ್ಸು

ಕುಂದಾಪುರದಿಂದ ತಲ್ಲೂರಿನ ಮೇಲೆ ಹಟ್ಟಿಯಂಗಡಿಗೆ ಹೋಗುವವರಿಗೆ ವಾರಾಹಿ ನದಿಯ ಕಡೆಯಿಂದ ಬೀಸುವ ಗಾಳಿ ಬಲು ಹಿತ. ಸಿದ್ಧಿವಿನಾಯಕನ ದರ್ಶನ ಮುಗಿಸಿ ಮರದ ನೆರಳಲ್ಲಿ ಕುಳಿತರೆ ಏಳುವ ಮನಸ್ಸೇ ಬಾರದು. ಆದರೆ ಕಬ್ಬಿಣದ ಮಟ್ಟಿಗೆ ಇದರಷ್ಟು ಕೆಟ್ಟ ಗಾಳಿ ಇನ್ನೊಂದಿಲ್ಲ. ಗಂಗೊಳ್ಳಿಯ ಅಳಿವೆಯ ಉಪ್ಪು ಇಲ್ಲಿಯವರೆಗೂ ಬರುತ್ತದೆ. ಅದರ ಮೇಲೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಜೂನಿನಲ್ಲಿ ಒದ್ದೆಯಾದ ತಗಡು ಸೆಪ್ಟೆಂಬರಿನವರೆಗೆ ಒಣಗುವುದಿಲ್ಲ. ಘಟ್ಟದ ಮೇಲೆ ಮೂವತ್ತು ವರ್ಷ ಬಾಳುವ ಮಡ್‌ಗಾರ್ಡು ಇಲ್ಲಿ ಹತ್ತು ವರ್ಷಕ್ಕೆ ಜರಡಿ.

ಇಂಥ ಊರುಗಳ ಹಳೆಯ ಮನೆಗಳಲ್ಲಿ, ನೊಗ ನೇಗಿಲುಗಳ ಹಿಂದೆ, ಗೋಣಿಚೀಲ ಹೊದ್ದುಕೊಂಡು ನಿಂತಿರುವ ಮೋಟಾರು ಸೈಕಲ್ಲು ಜಾವಾ ಆಗಿದ್ದರೆ ಅದಕ್ಕೆ ಉಪ್ಪುಗಾಳಿಯೊಂದೇ ಶತ್ರುವಲ್ಲ. ಕೊಟ್ಟಿಗೆಯ ಗಂಜಲದ ಆವಿ ಹಿತ್ತಾಳೆ, ತಾಮ್ರಗಳನ್ನು ತಿನ್ನುತ್ತದೆ. ಕಾರ್ಬುರೇಟರಿನ ಜೆಟ್ಟು, ಡೈನಮೋದ ತಂತಿ, ಹಾರ್ನಿನ ಸುರುಳಿ ಎಲ್ಲ ಹಸಿರು ಹಿಡಿಯುತ್ತವೆ. ಸೀಟಿನೊಳಗೆ ಇಲಿ ಸಂಸಾರ ಹೂಡಿರುತ್ತದೆ. ಸೈಲೆನ್ಸರಿನ ಬಾಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ಜಾವಾಕ್ಕೆ ಸೈಲೆನ್ಸರು ಎರಡು; ಆದ್ದರಿಂದ ಗೂಡೂ ಎರಡು.

ಈ ಗಾಡಿಯನ್ನು ಹೊರಗೆಳೆಯುವವ ಸಾಮಾನ್ಯವಾಗಿ ಮಗ. ಕೊಂಡವರು ಅಪ್ಪ. ಅಪ್ಪನಿದ್ದಾಗ ಮಾರುವ ಮಾತು ಬಂದಿತ್ತು, ಅಪ್ಪ ಬಿಟ್ಟಿರಲಿಲ್ಲ. ಈಗ ಗುಜರಿಯವನು ಬಾಗಿಲಿಗೆ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ. ಆ ಬೆಲೆ ಕಿವಿಗೆ ಬಿದ್ದಾಗಲೇ ಮಗನಿಗೆ ಗಾಡಿಯನ್ನು ಎಬ್ಬಿಸಬೇಕೆಂಬ ಹಟ ಬರುವುದು. ಅಲ್ಲಿಗೆ ಅವನ ಭಾನುವಾರಗಳು ಮುಗಿದವು.

ಬಿಚ್ಚಲು ಕುಳಿತಾಗ ಮೊದಲ ಆಘಾತ ಕಾದಿರುತ್ತದೆ. ಅಪ್ಪನ ಗಾಡಿ ಎಂದುಕೊಂಡದ್ದು ಪೂರ್ತಿ ಅಪ್ಪನ ಗಾಡಿಯಲ್ಲ. ದಾಖಲೆ ಪುಸ್ತಕದಲ್ಲಿ ಇರುವುದು ಅರವತ್ತರ ದಶಕದ ಇಸವಿ. ಟ್ಯಾಂಕಿನ ಬದಿಯ ಲಾಂಛನ ಯೆಜ್ದಿಯದು, ಎಂದರೆ ಎಪ್ಪತ್ತರ ದಶಕದ್ದು. ಕಾರ್ಬುರೇಟರು ಎಂಬತ್ತರ ದಶಕದ ಮಾದರಿ. ಹಿಂದಿನ ಚಕ್ರದ ಹಬ್ಬು ಮತ್ತಾವುದೋ ಗಾಡಿಯಿಂದ ಬಂದದ್ದು. ಅಪ್ಪ ಯಾವಾಗಲೋ ಬದಲಿಸಿದ್ದಾರೆ. ಯಾಕೆಂದರೆ ಅವರಿಗೆ ಗಾಡಿ ಮ್ಯೂಸಿಯಮ್ಮಿನ ವಸ್ತುವಾಗಿರಲಿಲ್ಲ. ಮರುದಿನ ಬೆಳಿಗ್ಗೆ ಅದರ ಮೇಲೆ ಕುಂದಾಪುರಕ್ಕೆ ಹೋಗಬೇಕಿತ್ತು.

ಇಲ್ಲಿಂದ ಎರಡು ದಾರಿ ಕವಲೊಡೆಯುತ್ತದೆ. ಒಂದು, ಎಲ್ಲವನ್ನೂ ಕಿತ್ತು ಆ ಒಂದೇ ಇಸವಿಯ ಭಾಗಗಳನ್ನು ಊರೂರು ಹುಡುಕಿ ಕೂರಿಸುವುದು. ಇನ್ನೊಂದು, ಸಿಕ್ಕಿದ ಇಸವಿಯ ಭಾಗ ತಂದು ಗಾಡಿಯನ್ನು ಓಡುವಂತೆ ಮಾಡುವುದು. ಮೊದಲನೆಯದು ದುಡ್ಡಿನ ದಾರಿ. ಎರಡನೆಯದನ್ನು ಹಿಡಿದವರೇ ಹೆಚ್ಚು. ಅವರನ್ನು ಕಂಡರೆ ಮೊದಲ ಪಂಗಡದವರಿಗೆ ಸ್ವಲ್ಪ ತಾತ್ಸಾರ. ಆ ತಾತ್ಸಾರಕ್ಕೆ ಆಧಾರವಿದೆಯೇ ಎಂದು ನೋಡಬೇಕಾದರೆ ಒಮ್ಮೆ ಮೈಸೂರಿಗೆ ಹೋಗಿ ಬರಬೇಕು.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಶುರು ಮಾಡಿದ್ದು 1961ರಲ್ಲಿ. ರುಸ್ತುಂ ಇರಾನಿ, ಫಾರೂಕ್ ಇರಾನಿ ಇದನ್ನು ಕಟ್ಟಿದವರು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ವಿನ್ಯಾಸ ಜೆಕೊಸ್ಲೊವಾಕಿಯದ್ದು. 1929ರಲ್ಲಿ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ಲಿನ ಹಕ್ಕು ಕೊಂಡು ತನ್ನ ಹೆಸರಿನ ಮೊದಲಕ್ಷರಗಳನ್ನೂ ಅದರ ಹೆಸರಿನ ಮೊದಲಕ್ಷರಗಳನ್ನೂ ಸೇರಿಸಿ ಜಾವಾ ಮಾಡಿದ. ಹೆಸರೇ ಎರಡು ಗಾಡಿಗಳ ಜೋಡಣೆ. ಬೇರೆ ಬೇರೆ ಕಡೆಯ ಭಾಗ ಕೂಡಿಸುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಮೈಸೂರಿನವರು ಕೈಗೆತ್ತಿಕೊಂಡದ್ದು ಜೆಕ್ ಕಂಪನಿ 1954ರಿಂದ ಮಾಡುತ್ತಿದ್ದ 353ನೆಯ ಮಾದರಿಯನ್ನು. ಒಂದೇ ಸಿಲಿಂಡರು, ಎರಡು ಹೊಗೆಕೊಳವೆ. 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಲೆಕ್ಕ ಹಾಕಿದರೆ ಸುಮಾರು 249 ಸಿ.ಸಿ. ಟೂ ಸ್ಟ್ರೋಕ್ ಎಂಜಿನ್ನು, ಅಂದರೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು. ಕಿಕ್ಕರೂ ಗೇರೂ ಒಂದೇ ಸನ್ನೆ: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಮತ್ತೆ ಇಳಿಸಿದರೆ ಗೇರು. ಗೇರನ್ನು ಕಾಲಿನಿಂದ ಒತ್ತಿದರೆ ಕ್ಲಚ್ಚು ತಾನೇ ಬಿಡುತ್ತದೆ, ಕೈಯ ಕೆಲಸವಿಲ್ಲ. ಮೊದಲ ಸಲ ಹತ್ತಿದವರು ಎಡಗಾಲಲ್ಲಿ ಕಿಕ್ಕರು ಹುಡುಕದೆ ಬಲಗಾಲಲ್ಲಿ ಗಾಳಿಗೆ ಒದ್ದು ನಗೆಪಾಟಲಾಗುವುದು ಇದ್ದದ್ದೇ.

ಎಪ್ಪತ್ತರ ದಶಕದ ಮೊದಲರ್ಧದಲ್ಲಿ ಜೆಕ್ ಕಂಪನಿಯೊಂದಿಗಿನ ಒಪ್ಪಂದದ ಕಾಲ ಮುಗಿದು ಗಾಡಿಗೆ ಯೆಜ್ದಿ ಎಂಬ ಹೆಸರು ಬಂತು. ಇರಾನಿನ ಯಾಜ್ದ್ ಪಟ್ಟಣದಿಂದ ಬಂದ ಹೆಸರು ಎನ್ನುತ್ತಾರೆ. ಇರಾನಿ ಪಾರ್ಸಿ ಕುಟುಂಬಗಳ ಮೂಲ ಆ ಕಡೆಯದು. ಆಮೇಲೆ ಬಿ ಮಾದರಿ, ಆಯಿಲ್‌ಕಿಂಗ್, 1978ರಲ್ಲಿ ರೋಡ್‌ಕಿಂಗ್, ನಂತರ ಕ್ಲಾಸಿಕ್, ನಡುವೆ 350 ಸಿ.ಸಿ.ಯ ಅವಳಿ ಸಿಲಿಂಡರಿನದ್ದು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಹೊಗೆಯ ನಿಯಮ ಬಿಗಿಯಾಗುತ್ತಿತ್ತು, ಲೀಟರಿಗೆ ಹೆಚ್ಚು ದೂರ ಹೋಗುವ ಜಪಾನೀ ನೂರು ಸಿ.ಸಿ. ಗಾಡಿಗಳು ಬಂದು ಹತ್ತು ವರ್ಷದ ಮೇಲಾಗಿತ್ತು.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಹೆಸರು ಬದಲಾಯಿತು, ಬಣ್ಣ ಬದಲಾಯಿತು, ಹೆಡ್‌ಲೈಟಿನ ಆಕಾರ ಬದಲಾಯಿತು. ಆದರೆ ಅರವತ್ತರ ದಶಕದ ಜಾವಾದಿಂದ ಕೊನೆಯ ಕ್ಲಾಸಿಕ್ಕಿನವರೆಗೆ ಎಂಜಿನ್ನಿನ ಮೂಲ ಕಲ್ಪನೆ ಬದಲಾಗಲಿಲ್ಲ. ಹೊಸದನ್ನು ತರುವಷ್ಟು ಸ್ಪರ್ಧೆ ಆಗ ದೇಶದಲ್ಲಿರಲಿಲ್ಲ. ಬುಕ್ ಮಾಡಿ ಕಾಯುವ ಗಿರಾಕಿ ಇರುವಾಗ ಯಾವ ಕಾರ್ಖಾನೆ ತಾನೇ ಅಚ್ಚು ಬದಲಿಸೀತು? ಆ ಕಾಲದ ಆರ್ಥಿಕ ನೀತಿಯನ್ನು ಬೈಯುವವರು ಬೈಯಲಿ. ಹಳೆ ಗಾಡಿ ಎಬ್ಬಿಸುವವನಿಗೆ ಅದು ಕೊಟ್ಟ ವರ ದೊಡ್ಡದು. ಮೂವತ್ತೈದು ವರ್ಷದ ಉದ್ದಕ್ಕೂ ಹಬ್ಬಿದ ಒಂದೇ ಕುಟುಂಬದ ಭಾಗಗಳು. ಅಣ್ಣನ ಅಂಗಿ ತಮ್ಮನಿಗೆ, ತಮ್ಮನದು ಅಣ್ಣನಿಗೆ.

ಹಾಗೆಂದು ಎಲ್ಲ ಅಂಗಿಯೂ ಎಲ್ಲರಿಗೂ ಹಿಡಿಸುವುದಿಲ್ಲ. ಇಡೀ ವಿದ್ಯೆ ಇರುವುದೇ ಯಾವುದು ಹಿಡಿಸುತ್ತದೆ, ಯಾವುದು ಹಿಡಿಸಿದಂತೆ ಕಂಡು ಮೋಸ ಮಾಡುತ್ತದೆ ಎಂಬುದರಲ್ಲಿ.

ಕಣ್ಣಿಗೆ ಕಾಣುವ ಭಾಗಗಳಲ್ಲಿ ತೊಂದರೆ ಕಡಿಮೆ. ಟ್ಯಾಂಕು, ಪಕ್ಕದ ಡಬ್ಬಿ, ಚೈನಿನ ಮೇಲಿನ ಪೂರ್ತಿ ಮುಚ್ಚುವ ತಗಡು, ಸೀಟು, ಮಡ್‌ಗಾರ್ಡು ಇವೆಲ್ಲ ಹೆಚ್ಚೆಂದರೆ ಒಂದು ತೂತು ಆಚೀಚೆ. ಕುಳಿತುಕೊಳ್ಳದಿದ್ದರೆ ಒಂದು ಪಟ್ಟಿ ಬೆಸುಗೆ ಹಾಕಿದರಾಯಿತು. ಟ್ಯಾಂಕಿನ ಒಳಗಿನ ತುಕ್ಕಿಗೆ ಹಿಡಿಯಷ್ಟು ನಟ್ಟು ಬೋಲ್ಟು ಹಾಕಿ, ಮುಚ್ಚಳ ಬಿಗಿದು, ಇಬ್ಬರು ಹಿಡಿದು ಕುಲುಕುವುದು ಹಳೆಯ ಉಪಾಯ. ಕೆಂಪು ಹುಡಿ ಮುಷ್ಟಿ ಮುಷ್ಟಿ ಬೀಳುತ್ತದೆ. ಕುಲುಕಿದ್ದು ಹೆಚ್ಚಾದರೆ ಹುಡಿಯ ಜೊತೆಗೆ ತಳವೂ ಹೋಗುತ್ತದೆ. ಕರಾವಳಿಯ ಟ್ಯಾಂಕಿನಲ್ಲಿ ಎಷ್ಟೋ ಸಲ ಆ ತುಕ್ಕೇ ಪೆಟ್ರೋಲನ್ನು ಹಿಡಿದಿಟ್ಟಿರುತ್ತದೆ.

ನಿಜವಾದ ಪರೀಕ್ಷೆ ಎಂಜಿನ್ನಿನದು. ಪಿಸ್ಟನ್ನು ಸಿಲಿಂಡರಿನಲ್ಲಿ ಹಿಡಿದುಕೊಂಡಿರುತ್ತದೆ. ಪ್ಲಗ್ಗಿನ ತೂತಿನಿಂದ ಡೀಸೆಲ್ಲು ಸುರಿದು ವಾರಗಟ್ಟಲೆ ಕಾಯಬೇಕು. ತಾಳ್ಮೆಗೆಟ್ಟು ಸುತ್ತಿಗೆ ಎತ್ತಿದವನು ಕೆಟ್ಟ. ಬಿಟ್ಟ ಮೇಲೆ ಸಿಲಿಂಡರನ್ನು ಲೇತಿಗೆ ಒಯ್ದು ಬೋರು ಮಾಡಿಸಿ, ಒಂದು ಹಂತ ದಪ್ಪದ ಪಿಸ್ಟನ್ನು ಹಾಕುವುದು ಕ್ರಮ. ಹಂತ ಎಂದರೆ ಕಾಲು ಮಿಲಿಮೀಟರು. ಹಿಂದೆ ಅಪ್ಪನ ಕಾಲದಲ್ಲೇ ಮೂರ್ನಾಲ್ಕು ಸಲ ಬೋರು ಆಗಿದ್ದರೆ ಇನ್ನು ಕೊರೆಯಲು ಗೋಡೆಯಲ್ಲಿ ಲೋಹ ಉಳಿದಿರುವುದಿಲ್ಲ. ಆಗ ಬೇರೆ ಸಿಲಿಂಡರು ಬೇಕು. ಆ ಸಿಲಿಂಡರು ಬೇರೆ ಇಸವಿಯದ್ದು.

ಹೊರಗಿನಿಂದ ಒಂದೇ. ಬೋಲ್ಟುಗಳು ಕೂರುತ್ತವೆ, ಹೆಡ್ಡು ಕೂರುತ್ತದೆ. ಆದರೆ ಈ ಬಗೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಮೇಲೆ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿವೆ, ಅವನ್ನು ತೆರೆಯುವುದೂ ಮುಚ್ಚುವುದೂ ಏರಿಳಿಯುವ ಪಿಸ್ಟನ್ನೇ. ಕಿಟಕಿ ಒಂದೆರಡು ಮಿಲಿಮೀಟರು ಮೇಲಿದ್ದರೆ, ಅಥವಾ ಪಿಸ್ಟನ್ನಿನ ಅಂಚು ಅಷ್ಟೇ ಗಿಡ್ಡವಾಗಿದ್ದರೆ, ಗಾಳಿ ಒಳಬರುವ ಹೊಗೆ ಹೊರಹೋಗುವ ಗಳಿಗೆಯೇ ಬದಲಾಗುತ್ತದೆ. ಗಾಡಿ ಶುರುವಾಗುತ್ತದೆ. ಆದರೆ ನಿಧಾನದಲ್ಲಿ ಮುಗ್ಗರಿಸುತ್ತದೆ, ಏರು ಹತ್ತುವಾಗ ಉಬ್ಬಸ ಪಡುತ್ತದೆ. ಮನೆಯವನು ಪ್ಲಗ್ಗು ಬದಲಿಸುತ್ತಾನೆ, ಕಾಯಿಲು ಬದಲಿಸುತ್ತಾನೆ, ಕಾರ್ಬುರೇಟರು ಹತ್ತು ಸಲ ಬಿಚ್ಚುತ್ತಾನೆ. ತಪ್ಪು ಇರುವುದು ಎರಡು ಇಸವಿಗಳ ನಡುವಿನ ಎರಡು ಮಿಲಿಮೀಟರಿನಲ್ಲಿ. ಹಳೆಯ ಕೈಗಳು ಹೊಸ ಸಿಲಿಂಡರು ಬಂದ ಕೂಡಲೇ ಕೂರಿಸುವುದಿಲ್ಲ. ಹಳೆಯ ಸಿಲಿಂಡರನ್ನು ಬದಿಗಿಟ್ಟು, ಕಾಗದ ಒತ್ತಿ, ಕಿಟಕಿಗಳ ಅಚ್ಚು ತೆಗೆದು ಎರಡನ್ನೂ ಹೋಲಿಸುತ್ತವೆ. ಹತ್ತು ನಿಮಿಷದ ಕೆಲಸ ಒಂದು ಮಳೆಗಾಲ ಉಳಿಸುತ್ತದೆ.

ಎಂಜಿನ್ನಿನ ಕೆಳಗಿನ ಪೆಟ್ಟಿಗೆಯ ಎರಡು ಹೋಳುಗಳ ವಿಚಾರ ಇನ್ನೂ ಕಟ್ಟುನಿಟ್ಟು. ಇವು ಹುಟ್ಟಿನಿಂದ ಜೋಡಿ. ಎರಡನ್ನೂ ಕೂಡಿಸಿಟ್ಟೇ ಬೇರಿಂಗಿನ ಮನೆ ಕೊರೆದಿರುತ್ತಾರೆ. ಒಂದು ಹೋಳು ಒಡೆದಿದೆ ಎಂದು ಇನ್ನೊಂದು ಗಾಡಿಯ ಹೋಳು ತಂದು ಕೂಡಿಸಿದರೆ, ಅದು ಅದೇ ವರ್ಷದ್ದಾದರೂ, ಅಕ್ಷ ಕೂದಲಿನಷ್ಟು ವಾರೆಯಾಗಿ ಬೇರಿಂಗು ಬೇಗ ಸಾಯುತ್ತದೆ. ಬೇರೆ ಇಸವಿಯ ಭಾಗ ಹಾಕಿದ್ದಕ್ಕೆ ಗಾಡಿ ಕೆಟ್ಟಿತು ಎನ್ನುವವರು ಇದನ್ನು ಗಮನಿಸುವುದಿಲ್ಲ. ವರ್ಷಕ್ಕಿಂತ ಜೋಡಿ ಮುಖ್ಯವಾದ ಜಾಗಗಳಿವೆ, ಜೋಡಿಗಿಂತ ಅಳತೆ ಮುಖ್ಯವಾದ ಜಾಗಗಳಿವೆ. ಬಿಡಿಭಾಗದ ಅಂಗಡಿಯವನು ಕೇಳುವುದು ಮಾತ್ರ ಒಂದೇ ಪ್ರಶ್ನೆ: ಯಾವ ಮಾಡೆಲ್ಲು?

ಇನ್ನು ಆಯಿಲ್ ಸೀಲು. ಬೆರಳಗಲದ ಈ ರಬ್ಬರು ಬಳೆಯಷ್ಟು ಕಾಡುವ ವಸ್ತು ಇಡೀ ಗಾಡಿಯಲ್ಲಿಲ್ಲ. ಟೂ ಸ್ಟ್ರೋಕಿನಲ್ಲಿ ಕೆಳಗಿನ ಪೆಟ್ಟಿಗೆಯೇ ಪಂಪು. ಅದು ಗಾಳಿ ಬಿಡಬಾರದು. ಡೈನಮೋ ಬದಿಯ ಸೀಲು ಸೋತರೆ ಹೊರಗಿನ ಗಾಳಿ ನುಗ್ಗಿ, ಪೆಟ್ರೋಲು ಆಯಿಲ್ಲುಗಳ ಪಾಲು ಕಡಿಮೆಯಾಗಿ, ಪಿಸ್ಟನ್ನು ಕಾದು ಹಿಡಿಯುತ್ತದೆ. ಕ್ಲಚ್ಚಿನ ಬದಿಯ ಸೀಲು ಸೋತರೆ ಅಲ್ಲಿನ ಎಣ್ಣೆಯನ್ನು ಎಂಜಿನ್ನು ಕುಡಿಯತೊಡಗುತ್ತದೆ. ಸೊಳ್ಳೆಗೆ ಹೊಗೆ ಹಾಕಿದಂತೆ ಬೀದಿ ಬಿಳಿಯಾಗುತ್ತದೆ. ಅರ್ಧ ದಾರಿಗೆ ಗಾಡಿ ನಿಲ್ಲಿಸಿ ‘ಹ್ವಾಯ್, ಬೆಂಕಿ ಹತ್ತಿತೋ’ ಎಂದು ಕೇಳುವವರು ಸಿಗುತ್ತಾರೆ. ಈ ಸೀಲಿನ ವಿಷಯದಲ್ಲಿ ಹಳೆಯ ಇಸವಿಯದ್ದೇ ಬೇಕೆಂದು ಹಟ ಹಿಡಿಯುವುದು ಶುದ್ಧ ಮೂರ್ಖತನ. ಐವತ್ತು ವರ್ಷ ಡಬ್ಬದಲ್ಲಿದ್ದ ಅಸಲಿ ಸೀಲು ಗಟ್ಟಿಯಾಗಿ ಸತ್ತಿರುತ್ತದೆ. ಅಳತೆ ಸರಿಯಿರುವ ಇವತ್ತಿನ ಸೀಲು ಅದಕ್ಕಿಂತ ಎಷ್ಟೋ ಮೇಲು.

ಈ ಕೆಲಸಗಳಿಗೆ ಕುಂದಾಪುರದ ಕಡೆ ಇರುವ ಒಂದು ಅನುಕೂಲ ಮೈಸೂರಿನಲ್ಲೂ ಇಲ್ಲ. ಗಂಗೊಳ್ಳಿಯಲ್ಲಿ ಮೀನುಗಾರಿಕೆ ಬಂದರಿದೆ. ಬಂದರಿದ್ದಲ್ಲಿ ದೋಣಿಯ ಎಂಜಿನ್ನು ನೋಡುವವರೂ ಲೇತಿನವರೂ ಇರುತ್ತಾರೆ. ಉಪ್ಪು ತಿಂದ ಲೋಹದ ಜೊತೆಗೇ ಅವರ ಬಾಳು. ಕಂಪನಿಯ ಬಿಡಿಭಾಗ ಬರುವವರೆಗೆ ದೋಣಿ ದಡದಲ್ಲಿ ಕಾಯಲಾರದು. ಆದ್ದರಿಂದ ಇಲ್ಲದ ಬುಷ್ಷನ್ನು ತಿರುವಿ ಮಾಡುವುದು, ತಿಂದು ಹೋದ ಅಕ್ಷಕ್ಕೆ ಲೋಹ ತುಂಬಿಸಿ ಮತ್ತೆ ಅಳತೆಗೆ ತರುವುದು ಅವರಿಗೆ ದಿನಚರಿ. ಜಾವಾ ಎಂದರೆ ಕಣ್ಣರಳಿಸುವ ನಗರದ ಕುಶಲಕರ್ಮಿಗಿಂತ, ಜಾವಾ ಎಂದರೇನೆಂದೇ ಕೇಳದೆ ಅಳತೆ ಮಾತ್ರ ಕೇಳುವ ಬಂದರಿನ ಲೇತಿನವನನ್ನು ನಂಬಬಹುದು.

ಭಾಗಗಳು ಎಲ್ಲಿಂದ ಬರುತ್ತವೆ? ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ, ಮೈಸೂರಿನಲ್ಲಿ ಉಳಿದಿರುವ ಹಳೆಯ ದಾಸ್ತಾನಿನಿಂದ, ದೆಹಲಿಯ ಕರೋಲ್ ಬಾಗಿನಿಂದ, ಒಮ್ಮೊಮ್ಮೆ ದೂರದ ಜೆಕ್ ದೇಶದಿಂದಲೇ. ಜೆಕ್ ಭಾಗ ತಂದವರಿಗೆ ಹೆಮ್ಮೆ ಜಾಸ್ತಿ. ಆದರೆ ಹೆಸರು ಒಂದಾದ ಮಾತ್ರಕ್ಕೆ ಅಲ್ಲಿನ ಭಾಗ ಇಲ್ಲಿನ ಎಲ್ಲ ಗಾಡಿಗೂ ಒಪ್ಪುತ್ತದೆಂದಿಲ್ಲ. ಎರಡೂ ಕಡೆ ಸಣ್ಣಪುಟ್ಟ ತಿದ್ದುಪಡಿಗಳು ಬೇರೆ ಬೇರೆ ವೇಳೆಗೆ ನಡೆದಿವೆ. ಹೆಚ್ಚು ಭಾಗ ಸಿಗುವುದು ಮಾತ್ರ ಇನ್ನೊಂದು ಸತ್ತ ಗಾಡಿಯಿಂದ. ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಎದ್ದು ನಿಂತ ಒಂದೊಂದು ಜಾವಾದ ಹಿಂದೆ ಬಿಚ್ಚಿ ಹಂಚಿಹೋದ ಇನ್ನೊಂದು ಯೆಜ್ದಿ ಇರುತ್ತದೆ. ಅದೂ ಯಾರದೋ ಅಪ್ಪನ ಗಾಡಿಯೇ ಆಗಿತ್ತು.

ಈಗ ಕಾನೂನಿನ ಮಾತು. ಗಾಡಿಗೆ ಗುರುತು ಎರಡು ಸಂಖ್ಯೆ: ಚೌಕಟ್ಟಿನ ಮೇಲೆ ಒತ್ತಿದ ಚಾಸಿ ನಂಬರು, ಪೆಟ್ಟಿಗೆಯ ಮೇಲೆ ಒತ್ತಿದ ಎಂಜಿನ್ ನಂಬರು. ಮೈಸೂರು ರಾಜ್ಯದ ಕಾಲದಲ್ಲಿ ‘ಎಂವೈ’ ಎಂದು ಆರಂಭವಾಗುವ ನಂಬರು ಪಡೆದ ಗಾಡಿಯ ದಾಖಲೆ ಪುಸ್ತಕದಲ್ಲೂ ಇವೇ ಎರಡು ಸಂಖ್ಯೆಗಳು. ಟ್ಯಾಂಕು ಯಾವ ಇಸವಿಯದು, ಮಡ್‌ಗಾರ್ಡು ಯಾರದು ಎಂದು ಸರ್ಕಾರ ಕೇಳುವುದಿಲ್ಲ. ಎಂಜಿನ್ ಪೆಟ್ಟಿಗೆ ಬದಲಾದರೆ ಮಾತ್ರ ನೋಂದಣಿ ಕಚೇರಿಗೆ ತಿಳಿಸಿ, ಒಪ್ಪಿಗೆ ಪಡೆದು, ದಾಖಲೆಯಲ್ಲಿ ಬರೆಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇದನ್ನು ಹೇಳುತ್ತದೆ. ನೋಂದಣಿಗೆ ಹದಿನೈದು ವರ್ಷ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಬೈಕಿನ ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ ಮುನ್ನೂರು ರೂಪಾಯಿಯಿಂದ ಸಾವಿರಕ್ಕೇರಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರಲ್ಲಿ ಎರಡು ಸಾವಿರವಾಯಿತು.

ನಂಬರನ್ನು ಅರೆದು ಬೇರೆ ಒತ್ತುವವರಿದ್ದಾರೆ. ಅದು ರಿಪೇರಿಯಲ್ಲ, ಅಪರಾಧ. ಅಂಥ ಗಾಡಿ ಎಷ್ಟು ಹೊಳೆದರೂ ಕೊಳ್ಳಬಾರದು.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳು ಇದರಡಿ ಬರುತ್ತವೆ. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ, ಮರುನೋಂದಣಿಗೆ ಐದು ಸಾವಿರ, ಆಯುಷ್ಯ ಹತ್ತು ವರ್ಷ. ನಂಬರಿನ ನಡುವೆ ‘ವಿಎ’ ಎಂಬ ಮರ್ಯಾದೆಯ ಅಕ್ಷರ. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲು ಹಾಕಿಸುವುದಕ್ಕೆ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಮುಖ್ಯ ಷರತ್ತು ಏನೆಂದರೆ ವಾಹನ ಮೂಲ ರೂಪದಲ್ಲೇ ಉಳಿದಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳ ಮಾರ್ಪಾಡು ಸೇರಿದಂತೆ ಗಣನೀಯ ಬದಲಾವಣೆ ಆಗಿರಬಾರದು.

ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಅದರ ಕಣ್ಣಿನಲ್ಲಿ ಯಾವ ಗಾಡಿ ಉತ್ತಮ? ಕೊಂಡ ಮೂರನೆಯ ವರ್ಷಕ್ಕೆ ಬಟ್ಟೆ ಮುಚ್ಚಿ ಒಣ ಕೋಣೆಯಲ್ಲಿಟ್ಟದ್ದು. ಐವತ್ತು ಮಳೆಗಾಲ ಓಡಿ, ಡಾಕ್ಟರನ್ನು ಕರೆತಂದು, ಮದುವೆಯ ಕರೆಯೋಲೆ ಹಂಚಿ, ಸಂತೆಯ ಚೀಲ ಹೊತ್ತು, ಕೆಟ್ಟಾಗ ಕೆಟ್ಟ ಭಾಗ ಬದಲಿಸಿಕೊಂಡು ಬದುಕಿದ ಗಾಡಿಗೆ ಅಲ್ಲಿ ಸಂಶಯದ ನೋಟ. ಓಡದೆ ಉಳಿದದ್ದು ಅಸಲಿ, ಓಡಿ ಉಳಿದದ್ದು ಬೆರಕೆ ಎಂದಂತಾಯಿತು. ಗಾಡಿ ಮಾಡಿದವರು ಓಡಲೆಂದೇ ಮಾಡಿದ್ದಲ್ಲವೇ?

ಕರಾವಳಿಯವರಿಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿನ ದೇವಸ್ಥಾನಗಳು ಮತ್ತೆ ಮತ್ತೆ ಜೀರ್ಣೋದ್ಧಾರ ಕಂಡಿವೆ. ಮರದ ಮಾಡು ಗೆದ್ದಲು ಹಿಡಿಯುತ್ತದೆ, ಮುರಕಲ್ಲಿನ ಗೋಡೆ ಸವೆಯುತ್ತದೆ. ಬಾಲಾಲಯ ಕಟ್ಟಿ ದೇವರನ್ನು ಅಲ್ಲಿ ಕೂರಿಸಿ, ಗರ್ಭಗುಡಿಯನ್ನು ಬಿಚ್ಚಿ ಹೊಸದಾಗಿ ಏರಿಸುತ್ತಾರೆ. ಬ್ರಹ್ಮಕಲಶವಾದ ಮೇಲೆ ಇದು ಹಳೆಯ ದೇವಸ್ಥಾನವಲ್ಲ ಎಂದವರಿಲ್ಲ. ಗೋಡೆಯ ಪ್ರತಿ ಕಲ್ಲಿನ ಇಸವಿ ಕೇಳಿದವರೂ ಇಲ್ಲ. ಆದರೆ ಅಲ್ಲೊಂದು ಶಿಸ್ತಿದೆ: ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ತಂತ್ರಿಗೂ ಗೊತ್ತು, ಊರಿಗೂ ಗೊತ್ತು. ಇಂಥ ವರ್ಷ ಇಂಥದ್ದನ್ನು ಮಾಡಿಸಿದರು ಎಂದು ಕಲ್ಲಿನ ಮೇಲೆ ಬರೆದೂ ಇಡುತ್ತಾರೆ.

ಗಾಡಿ ಎಬ್ಬಿಸುವವರಲ್ಲಿ ಕಡಿಮೆ ಇರುವುದು ಈ ಬರೆದಿಡುವ ಅಭ್ಯಾಸ. ಎಂಬತ್ತರ ದಶಕದ ಕ್ಲಾಸಿಕ್ಕಿಗೆ ಜಾವಾದ ಟ್ಯಾಂಕು ಹಾಕಿ, ಕೆಂಪು ಬಣ್ಣ ಬಳಿದು, ಅರವತ್ತೈದರ ಗಾಡಿ ಎಂದು ಮಾರುವುದು ನಡೆದೇ ಇದೆ. ಹಳೆಯ ಜಾವಾದ ಬೆಲೆ ಏರಿದ ಮೇಲೆ, ಅದರಲ್ಲೂ 2018ರ ನವೆಂಬರಿನಲ್ಲಿ ಹೊಸ ಕಂಪನಿಯೊಂದು ಜಾವಾ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದು, 2022ರ ಜನವರಿಯಲ್ಲಿ ಯೆಜ್ದಿಯನ್ನೂ ತಂದ ಮೇಲೆ, ಈ ವ್ಯಾಪಾರಕ್ಕೆ ರೆಕ್ಕೆ ಬಂತು. ಆ ಹೊಸ ಜಾವಾ ಫೋರ್ ಸ್ಟ್ರೋಕ್, ಎಂಜಿನ್ನಿಗೆ ನೀರಿನ ತಂಪು. ಹಳೆಯದರಿಂದ ಪಡೆದದ್ದು ಟ್ಯಾಂಕಿನ ಉಬ್ಬು ಮತ್ತು ಎರಡು ಸೈಲೆನ್ಸರು. ಒಂದು ಭಾಗವೂ ಅದಲುಬದಲಾಗದ ಆ ಗಾಡಿ ಜಾವಾ ಎನಿಸಿಕೊಳ್ಳುವುದಾದರೆ, ನಾಲ್ಕು ಇಸವಿಯ ಮೈಸೂರು ಭಾಗ ಹೊತ್ತ ಕೊಟ್ಟಿಗೆಯ ಗಾಡಿ ಯಾಕೆ ಆಗಬಾರದು? ಹಾಗೆಂದು ಸುಳ್ಳು ಇಸವಿ ಹೇಳುವುದು ಬೇಡ. ಬೆರಕೆಯಲ್ಲಿ ತಪ್ಪಿಲ್ಲ, ಬೆರಕೆಯನ್ನು ಬಚ್ಚಿಡುವುದರಲ್ಲಿದೆ.

ಬಲ್ಲವರು ಒಂದು ನೋಟು ಪುಸ್ತಕ ಇಟ್ಟಿರುತ್ತಾರೆ. ಚೌಕಟ್ಟು, ಎಂಜಿನ್ ಪೆಟ್ಟಿಗೆ: ಹುಟ್ಟಿನದು. ಸಿಲಿಂಡರು: ಯೆಜ್ದಿ ಬಿ, ಮೊದಲ ಓವರ್‌ಸೈಜು. ಕಾರ್ಬುರೇಟರು: ಕ್ಲಾಸಿಕ್ಕಿನದು, ಇಂಥ ಜೆಟ್ಟು. ಸೀಲು: ಹೊಸದು, ಇಂಥ ಅಳತೆ. ತೆಗೆದ ಹಳೆಯ ಭಾಗವನ್ನು ಎಸೆಯದೆ ಎಣ್ಣೆ ಸವರಿ, ಕಾಗದ ಸುತ್ತಿ, ಅಟ್ಟದ ಮೇಲಿಟ್ಟಿರುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ಇದರ ಉಪಯೋಗ ತಿಳಿಯುತ್ತದೆ. ಬೇರೆಯ ಮೆಕ್ಯಾನಿಕ್ಕಿನ ಕೈಗೆ ಗಾಡಿ ಹೋದಾಗ ಅವನು ದಾಖಲೆಯ ಇಸವಿ ನೋಡಿ ಪಿಸ್ಟನ್ನು ತರಿಸಿದರೆ ಅದು ಸೇರುವುದಿಲ್ಲ. ಪುಸ್ತಕ ನೋಡಿ ತರಿಸಿದರೆ ಸೇರುತ್ತದೆ. ಅಪ್ಪನೂ ಹೀಗೊಂದು ಪುಸ್ತಕ ಬರೆದಿಟ್ಟಿದ್ದರೆ ಮಗನ ಅರ್ಧದಷ್ಟು ಭಾನುವಾರಗಳಾದರೂ ಉಳಿಯುತ್ತಿದ್ದವು.

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಗಾಡಿಗಳು ಸಾಲುಗಟ್ಟುತ್ತವೆ, ಬೀದಿ ತುಂಬ ನೀಲಿ ಹೊಗೆ. ಅಲ್ಲಿ ನಿಂತು ಒಂದೊಂದೇ ಗಾಡಿಯನ್ನು ನೋಡುತ್ತಾ ಹೋದರೆ ಹುಟ್ಟಿದಂತೆ ಉಳಿದದ್ದು ಬೆರಳೆಣಿಕೆಯಷ್ಟು ಸಿಕ್ಕೀತು. ಉಳಿದವೆಲ್ಲ ಅಣ್ಣತಮ್ಮಂದಿರ ಅಂಗಿ ತೊಟ್ಟವೇ. ಕರಾವಳಿಯ ಗಾಡಿಗಳಿಗೆ ಆ ದಿನ ಅಲ್ಲಿ ಸೇರಿಕೊಳ್ಳುವುದು ಕಷ್ಟ. ಜುಲೈಯೆಂದರೆ ಇಲ್ಲಿ ಬಿಡದ ಮಳೆ, ಘಟ್ಟದ ರಸ್ತೆಯ ಮೇಲೆ ಮಂಜು.

ಆದ್ದರಿಂದ ಇಲ್ಲಿ ಗಾಡಿ ಮೊದಲ ಸಲ ಹೊರಡುವುದು ಮಳೆ ನಿಂತ ಮೇಲೆ, ಅಕ್ಟೋಬರಿನ ಒಂದು ಬೆಳಿಗ್ಗೆ. ಸನ್ನೆಯನ್ನು ಒಳಕ್ಕೊತ್ತಿ ತಿರುಗಿಸಿ, ಎಡಗಾಲಲ್ಲಿ ಒದ್ದು, ಹತ್ತನೆಯದೋ ಹದಿನೈದನೆಯದೋ ಒದೆತಕ್ಕೆ ಹತ್ತಿದರೆ ಪುಣ್ಯ. ತಲ್ಲೂರಿನವರೆಗೆ ನಿಧಾನ ಹೋಗಿ ಬರುವುದು, ಹೊಸ ಪಿಸ್ಟನ್ನಾದ್ದರಿಂದ ಎಳೆಯುವಂತಿಲ್ಲ. ಮನೆಗೆ ಬಂದು ತಣ್ಣಗಾದ ಮೇಲೆ ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದು ನೋಡಬೇಕು. ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಜಾಸ್ತಿ. ಕಾಫಿಪುಡಿಯ ಬಣ್ಣ ಬಂದಿದ್ದರೆ ಒರೆಸಿ ಮತ್ತೆ ಬಿಗಿದು, ಮರುದಿನ ಕುಂದಾಪುರಕ್ಕೆ ಹೋಗಿ ಬರಬಹುದು.